ಕಾರ್ಡಿಗೂ ಒಂದು ಕಾಲ: ಕಾಕನಕೋಟೆ ಸೀಮೆಯ ಹಿರಿಯರು ಮತ್ತು ಸರ್ಕಾರದ ಆರೋಗ್ಯ ವಿಮೆ

ನವೆಂಬರ್ ಬಂತೆಂದರೆ ಕಾಕನಕೋಟೆ ಸೀಮೆಯಲ್ಲಿ ಯಾರಿಗೂ ಬಿಡುವಿಲ್ಲ. ಹುಣಸೂರು, ಪಿರಿಯಾಪಟ್ಟಣದ ರೈತರು ಬ್ಯಾರನ್‌ನಲ್ಲಿ ಹದ ಮಾಡಿದ ಹೊಗೆಸೊಪ್ಪಿನ ಬೇಲುಗಳನ್ನು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಿಗೆ ಸಾಗಿಸುತ್ತಿರುತ್ತಾರೆ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತದ ಕೊಯ್ಲಿಗೆ ಆಳು ಹುಡುಕುವ ಹೊತ್ತು. ಎಚ್.ಡಿ. ಕೋಟೆಯ ಹಾಡಿಗಳಿಂದ ಜೇನುಕುರುಬರು, ಬೆಟ್ಟಕುರುಬರು ಕಾಫಿ ಹಣ್ಣು ಬಿಡಿಸಲು ಕೊಡಗಿನ ತೋಟಗಳಿಗೆ ಹೊರಡುತ್ತಾರೆ. ಹಾಡಿಯಲ್ಲಿ ಉಳಿಯುವವರು ವಯಸ್ಸಾದವರು ಮತ್ತು ಅವರ ಮಡಿಲಿನ ಮೊಮ್ಮಕ್ಕಳು. ಸಹಕಾರ ಸಂಘಗಳ ಸದಸ್ಯರಿಗಾಗಿ ಇರುವ ಯಶಸ್ವಿನಿ ಆರೋಗ್ಯ ಯೋಜನೆ ಮರುಜೀವ ಪಡೆದ ಮೇಲೆ ಅದರ ನೋಂದಣಿಯ ಕಾಲವೂ ಹೆಚ್ಚುಕಡಿಮೆ ಇದೇ ತಿಂಗಳುಗಳಿಗೆ ಬಂದು ಕೂತಿದೆ. ಡೇರಿಯ ಗೋಡೆಗೆ, ಸೊಸೈಟಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದನ್ನು ಓದಿದವರು ಹೆಸರು ಬರೆಸುತ್ತಾರೆ, ಓದದವರು ಮುಂದಿನ ವರ್ಷಕ್ಕೆ ಕಾಯುತ್ತಾರೆ.

ವಯಸ್ಸಾದವರು ಸರ್ಕಾರದ ಆರೋಗ್ಯ ವಿಮೆಗೆ ಯಾವಾಗ ಸೇರಬಹುದು, ಒಂದರಿಂದ ಇನ್ನೊಂದಕ್ಕೆ ಯಾವಾಗ ಬದಲಾಗಬಹುದು? ಈ ಪ್ರಶ್ನೆಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ಉತ್ತರವಿಲ್ಲ. ಬಡ ಕುಟುಂಬದ ಅಜ್ಜನಿಗೆ ವರ್ಷದ ಯಾವ ದಿನವಾದರೂ ಆದೀತು. ಡೇರಿಗೆ ಹಾಲು ಹಾಕುವ ಮನೆಯ ಅಜ್ಜಿಗೆ ವರ್ಷಕ್ಕೆ ಕೆಲವೇ ವಾರ. ಪಿಂಚಣಿ ಪಡೆಯುವ ಮೇಷ್ಟರು ಎಪ್ಪತ್ತು ತುಂಬುವವರೆಗೆ ಕಾಯಬೇಕು. ನಿವೃತ್ತ ಯೋಧನಿಗೆ ಆಯ್ಕೆ ಸಿಗುವುದು ಒಂದೇ ಸಲ.

ಹಿರಿಯರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ನಮ್ಮ ವಿಮಾ ಯೋಜನೆಗಳಿಗೆ ಬಹಳ ಕಾಲ ಹಿಡಿಯಿತು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಯೋಚನೆಯಿಂದ ಹುಟ್ಟಿ, ರಾಜ್ಯದ ಸಹಕಾರ ಇಲಾಖೆಯ ಮೂಲಕ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ, ತಿಂಗಳಿಗೆ ಐದು ರೂಪಾಯಿಯ ವಂತಿಗೆಯಲ್ಲಿ ರೈತನಿಗೆ ಹೃದಯದ ಶಸ್ತ್ರಚಿಕಿತ್ಸೆ ಸಿಗುವಂತೆ ಮಾಡಿತು. ದೇಶವೇ ತಿರುಗಿ ನೋಡಿದ ಯೋಜನೆ ಅದು. ಆದರೆ ಅದಕ್ಕೆ 75 ವರ್ಷದ ಮಿತಿ ಇತ್ತು. 2008ರಲ್ಲಿ ಕೇಂದ್ರ ತಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ವರ್ಷಕ್ಕೆ 30,000 ರೂ. ಕೊಡುತ್ತಿತ್ತು, ಆದರೆ ಒಂದು ಮನೆಯಿಂದ ಐದೇ ಜನರಿಗೆ. ಗಂಡ, ಹೆಂಡತಿ, ಮೂರು ಮಕ್ಕಳು ಎಂದು ಬರೆಸಿದರೆ ಕಾರ್ಡು ತುಂಬಿಹೋಯಿತು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಆಸ್ಪತ್ರೆ ಕಾಣಬೇಕಾದ ಹಿರಿಜೀವವೇ ಕಾರ್ಡಿನಿಂದ ಹೊರಗೆ. ವಯಸ್ಸಿಗೂ ತಲೆಯೆಣಿಕೆಗೂ ಮಿತಿ ಹಾಕದ ಯೋಜನೆ ಕೇಂದ್ರದಿಂದ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ, ಆಯುಷ್ಮಾನ್ ಭಾರತ್ ಹೆಸರಿನಲ್ಲಿ.

ಅದಕ್ಕೂ ಮೊದಲೇ ಕರ್ನಾಟಕ ಒಂದು ಒಳ್ಳೆಯ ದಾರಿ ತೋರಿಸಿತ್ತು. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀಗೆ ನೋಂದಣಿ ಎಂಬುದೇ ಇರಲಿಲ್ಲ. ಬಿಪಿಎಲ್ ಕಾರ್ಡು ಇದ್ದವರೆಲ್ಲ ತಾವಾಗಿಯೇ ಫಲಾನುಭವಿಗಳು. ಅರ್ಜಿ ಇಲ್ಲ, ಗಡುವಿಲ್ಲ, ವಂತಿಗೆ ಇಲ್ಲ. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಯೋಜನೆ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿದ ಒಂದು ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ, ಅಂದರೆ ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರ್‌ನಿಂದ, ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆ ಶೇ 64ರಷ್ಟು ಕಡಿಮೆ ಇತ್ತು. ಹೆಸರು ಬರೆಸಿ ಬನ್ನಿ ಎಂದು ಬಡವರನ್ನು ಅಲೆದಾಡಿಸದ ಯೋಜನೆಯೊಂದು ಇಷ್ಟು ಜೀವ ಉಳಿಸಿತ್ತು ಎಂಬುದನ್ನು ಮುಂದಿನ ಯೋಜನೆ ರೂಪಿಸಿದವರು ಇನ್ನೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕಿತ್ತು.

ಈಗ ನಡೆಯುತ್ತಿರುವುದು ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’. 2018ರ ಮಾರ್ಚ್‌ನಲ್ಲಿ ರಾಜ್ಯ ಆರಂಭಿಸಿದ ಆರೋಗ್ಯ ಕರ್ನಾಟಕವನ್ನು ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಕೇಂದ್ರದ ಯೋಜನೆಯೊಂದಿಗೆ ಸೇರಿಸಲಾಯಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷ ಮೀರುವಂತಿಲ್ಲ. ಇದಕ್ಕೆ ನೋಂದಣಿಯ ಕಾಲವಿಲ್ಲ. ಆಧಾರ್ ಮತ್ತು ರೇಷನ್ ಕಾರ್ಡು ಹಿಡಿದು ಗ್ರಾಮ ಒನ್ ಸೇವಾ ಕೇಂದ್ರಕ್ಕೆ ಹೋದರೆ ಕಾರ್ಡು ಆಗುತ್ತದೆ. ಮೊದಲೇ ಇದ್ದ ಕಾಯಿಲೆ ಎಂಬ ತಕರಾರಿಲ್ಲ, ಕಾಯುವ ಅವಧಿಯೂ ಇಲ್ಲ.

ಹಾಗಾದರೆ ತೊಂದರೆ ಎಲ್ಲಿ? ರೇಷನ್ ಕಾರ್ಡಿನಲ್ಲಿ. ಈ ಯೋಜನೆಯಲ್ಲಿ ‘ಬದಲಾವಣೆ’ ಎಂಬುದು ಹಿರಿಯರು ಕೂತು ಯೋಚಿಸಿ ಮಾಡುವ ಆಯ್ಕೆಯಲ್ಲ. ಆಹಾರ ಇಲಾಖೆಯ ಕಂಪ್ಯೂಟರ್‌ನಲ್ಲಿ ಕಾರ್ಡು ಬಿಪಿಎಲ್‌ನಿಂದ ಎಪಿಎಲ್‌ಗೆ ಸರಿದ ದಿನ ಆರೋಗ್ಯದ ರಕ್ಷಣೆಯೂ ಐದು ಲಕ್ಷದಿಂದ ಶೇ 30ರ ನೆರವಿಗೆ ಇಳಿಯುತ್ತದೆ. 2024ರ ನವೆಂಬರ್‌ನಲ್ಲಿ ಅನರ್ಹರ ಕಾರ್ಡು ತೆಗೆಯುವ ಕಾರ್ಯಾಚರಣೆ ನಡೆದಾಗ ರಾಜ್ಯದ ಉದ್ದಗಲಕ್ಕೂ ಕೂಗೆದ್ದಿತು. ಅರ್ಹರ ಕಾರ್ಡು ರದ್ದಾಗುವುದಿಲ್ಲವೆಂದು ಸರ್ಕಾರವೇ ಭರವಸೆ ಕೊಟ್ಟು ಹಲವನ್ನು ವಾಪಸು ಕೊಡಬೇಕಾಯಿತು. ಅಂದಿನ ಚರ್ಚೆಯೆಲ್ಲ ಅಕ್ಕಿಯ ಸುತ್ತಲೇ ನಡೆಯಿತು. ಮಗನಿಗೆ ಮೈಸೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಅದರಿಂದ ಕಾರ್ಡಿನ ಬಣ್ಣ ಬದಲಾದರೆ, ಊರಿನಲ್ಲಿರುವ ತಾಯಿಯ ಡಯಾಲಿಸಿಸ್ ಏನಾಗುತ್ತದೆ ಎಂದು ಕೇಳಿದವರು ಕಡಿಮೆ.

ಹಾಗೆಂದು ಹೊಸ ಕಾರ್ಡಿಗೆ ಅರ್ಜಿ ಹಾಕೋಣವೆಂದರೆ ಆ ಜಾಲತಾಣ ಸದಾ ತೆರೆದಿರುವುದಿಲ್ಲ. ಕೆಲವು ದಿನ, ಕೆಲವೊಮ್ಮೆ ಕೆಲವೇ ಗಂಟೆ ತೆರೆದು ಮುಚ್ಚುತ್ತದೆ. ವಿಮೆಯ ಬಾಗಿಲು ವರ್ಷವಿಡೀ ತೆರೆದಿದ್ದರೂ ಅದಕ್ಕೆ ಹೋಗುವ ಅಂಗಳದ ಗೇಟಿಗೆ ಬೀಗ ಬಿದ್ದಂತೆ ಇದು. ಮನೆ ಭಾಗವಾದಾಗ ಅಪ್ಪ ಅಮ್ಮನ ಹೆಸರು ಯಾರ ಕಾರ್ಡಿನಲ್ಲಿರಬೇಕು ಎಂಬುದನ್ನು ಹಳ್ಳಿಗಳಲ್ಲಿ ಈಗಲೂ ಅಕ್ಕಿಯ ಲೆಕ್ಕದಲ್ಲಿ ತೀರ್ಮಾನಿಸುತ್ತಾರೆ. ಆಸ್ಪತ್ರೆಯ ಲೆಕ್ಕವನ್ನೂ ಜೊತೆಗಿಟ್ಟು ತೀರ್ಮಾನಿಸುವುದು ಒಳ್ಳೆಯದು. ಆದಾಯ ತೆರಿಗೆ ಕಟ್ಟುವ ಮಗನ ಕಾರ್ಡಿಗೆ ಸೇರಿದ ತಂದೆ ತಾಯಿ ಬಿಪಿಎಲ್ ಸವಲತ್ತನ್ನು ಆ ಮಗನೊಂದಿಗೇ ಕಳೆದುಕೊಳ್ಳುತ್ತಾರೆ.

ಮತ್ತೆ ಯಶಸ್ವಿನಿಗೆ ಬರೋಣ. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿ ನಿಂತುಹೋಗಿದ್ದ ಅದನ್ನು ಸಹಕಾರಿಗಳ ಒತ್ತಾಯದಿಂದ 2022–23ರ ಬಜೆಟ್‌ನಲ್ಲಿ ಮತ್ತೆ ಘೋಷಿಸಲಾಯಿತು. 2022ರ ನವೆಂಬರ್ 1ರಿಂದ ನೋಂದಣಿ, 2023ರ ಜನವರಿ 1ರಿಂದ ಚಿಕಿತ್ಸೆ. ಗ್ರಾಮೀಣ ಸಹಕಾರ ಸಂಘದ ಸದಸ್ಯರಾದರೆ ನಾಲ್ವರ ಕುಟುಂಬಕ್ಕೆ 500 ರೂ., ಹೆಚ್ಚಿನ ಒಬ್ಬೊಬ್ಬರಿಗೂ 100 ರೂ. ನಗರದವರಿಗೆ ಇದರ ಎರಡು ಪಟ್ಟು. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ಎಪಿಎಲ್ ಕಾರ್ಡಿನ ರೈತನಿಗೆ ಇದು ಬಹುದೊಡ್ಡ ಆಸರೆ, ಏಕೆಂದರೆ ಇಲ್ಲಿ ರೇಷನ್ ಕಾರ್ಡಿನ ಬಣ್ಣ ಕೇಳುವುದಿಲ್ಲ, ಸಂಘದ ಸದಸ್ಯತ್ವ ಕೇಳುತ್ತಾರೆ. ಆದರೆ ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಅಥವಾ ಬೇರೆ ಆರೋಗ್ಯ ವಿಮೆ ಇದ್ದರೆ ಸೇರಲಾಗದು.

ಇಲ್ಲಿ ಕಾಲ ನಿಜವಾಗಿಯೂ ಮುಖ್ಯ. ಗಡುವು ಹಲವು ಸಲ ಮುಂದಕ್ಕೆ ಹೋಗಿದೆ ನಿಜ, ಆದರೆ ಮುಂದಕ್ಕೆ ಹೋಗುತ್ತದೆಂದು ನಂಬಿ ಕೂರುವುದು ಅಪಾಯ. ಅದಕ್ಕಿಂತ ಮುಖ್ಯವಾಗಿ, ಸಂಘದ ಸದಸ್ಯತ್ವ ನೋಂದಣಿಗೆ ಕೆಲವು ತಿಂಗಳು ಮೊದಲೇ ಆಗಿರಬೇಕೆಂಬ ನಿಯಮವಿದೆ. ಆದ್ದರಿಂದ ಕಾಯಿಲೆ ಕಾಣಿಸಿಕೊಂಡ ಮೇಲೆ ಸೊಸೈಟಿಗೆ ಓಡಿ ಷೇರು ಕಟ್ಟಿದರೆ ಆ ವರ್ಷಕ್ಕೆ ಪ್ರಯೋಜನವಿಲ್ಲ. ಹೊಗೆಸೊಪ್ಪಿನ ರೈತರಿಗೆ ನವೆಂಬರ್–ಡಿಸೆಂಬರ್ ಒಂದು ರೀತಿಯಲ್ಲಿ ಅನುಕೂಲವೇ, ಹರಾಜಿನ ಹಣ ಕೈಗೆ ಬರುವ ಸಮಯ ಅದು. ಕೊಡಗಿಗೆ ಹೋಗುವ ಹಾಡಿಯವರಿಗೆ ಮಾತ್ರ ಇದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಗಿರಿಜನರ ಲ್ಯಾಂಪ್ಸ್ ಸೊಸೈಟಿಯೂ ಸಹಕಾರ ಸಂಘವೇ. ಅದರಲ್ಲಿ ಸದಸ್ಯತ್ವವಿದ್ದು, ವಂತಿಗೆಯೂ ಇಲ್ಲದೆ ಸೇರಬಹುದಾದವರು, ಅರ್ಜಿ ತುಂಬುವ ವಾರಗಳಲ್ಲಿ ಊರಲ್ಲಿರುವುದಿಲ್ಲ. ಉಳಿದ ಹಿರಿಯರಿಗೆ ಅರ್ಜಿ ಬರೆದುಕೊಡುವವರಿಲ್ಲ. ಹಾಡಿಗಳಿಗಾದರೂ ನೋಂದಣಿಯನ್ನು ಮುಂಗಾರಿಗೆ ಮೊದಲು, ಜನ ಊರಿಗೆ ಮರಳಿರುವ ಏಪ್ರಿಲ್–ಮೇ ತಿಂಗಳಿಗೆ ತರುವುದು ಸಹಕಾರ ಇಲಾಖೆಗೆ ಅಸಾಧ್ಯವಾದ ಕೆಲಸವೇನಲ್ಲ.

ಹಾಡಿಯವರಿಗೆ ಇನ್ನೊಂದು ಪ್ರಶ್ನೆಯೂ ಇದೆ. ಕಬಿನಿ ಹಿನ್ನೀರಿನ ಆಚೆ, ಕೇರಳದ ಗಡಿಯಲ್ಲಿರುವ ಡಿ.ಬಿ. ಕುಪ್ಪೆ, ಬಳ್ಳೆ ಕಡೆಯವರಿಗೆ ಮೈಸೂರಿಗಿಂತ ವಯನಾಡಿನ ಮಾನಂತವಾಡಿ ಹತ್ತಿರ. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬದ ಆಯುಷ್ಮಾನ್ ಕಾರ್ಡು ದೇಶದ ಯಾವ ನೋಂದಾಯಿತ ಆಸ್ಪತ್ರೆಯಲ್ಲಾದರೂ ನಡೆಯಬೇಕೆಂಬುದು ನಿಯಮ. ಆದರೆ ಕರ್ನಾಟಕದಲ್ಲಿ ಕೇಂದ್ರದ ಪಟ್ಟಿಯಲ್ಲಿರುವುದು ಸುಮಾರು 62 ಲಕ್ಷ ಕುಟುಂಬ ಮಾತ್ರ. ಉಳಿದವರನ್ನು ರಾಜ್ಯ ತನ್ನ ಖರ್ಚಿನಲ್ಲಿ ಸೇರಿಸಿಕೊಂಡಿದೆ. ತನ್ನ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಹಾಡಿಯ ಹಿರಿಯರಿಗೆ ಯಾರೂ ಹೇಳಿಲ್ಲ. ಗಡಿ ದಾಟುವ ಮೊದಲೇ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕರೆ ಮಾಡಿ ಕೇಳಿಕೊಂಡರೆ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಪರದಾಡುವುದು ತಪ್ಪುತ್ತದೆ.

ರಾಜ್ಯದೊಳಗೂ ಒಂದು ಮೆಟ್ಟಿಲಿದೆ. ತುರ್ತು ಸ್ಥಿತಿಯಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ವೈದ್ಯರು ಶಿಫಾರಸು ಪತ್ರ ಕೊಟ್ಟರೆ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಗೆ ದಾರಿ. ಯೋಜನೆಯಲ್ಲಿ ಪಟ್ಟಿ ಮಾಡಿದ 1,650 ಚಿಕಿತ್ಸೆಗಳಲ್ಲಿ ತುರ್ತಿನವು 171; ಅವಕ್ಕೆ ಪತ್ರ ಬೇಡ. ಎದೆನೋವೆಂದು ಪಿರಿಯಾಪಟ್ಟಣದಿಂದ ಮೈಸೂರಿಗೆ ಕಾರು ಮಾಡಿಕೊಂಡು ಹೊರಟವರು ಇದನ್ನು ತಿಳಿದಿರಬೇಕು. ಮೊಣಕಾಲು ಕೀಲಿನ ಶಸ್ತ್ರಚಿಕಿತ್ಸೆಗೆ ಹೊರಟವರೂ ತಿಳಿದಿರಬೇಕು.

ಇನ್ನು ಎಪ್ಪತ್ತರ ಬಾಗಿಲು. ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್ 11ರಂದು ಒಪ್ಪಿ, ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ ‘ಆಯುಷ್ಮಾನ್ ವಯ ವಂದನಾ’ 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ವರ್ಷಕ್ಕೆ 5 ಲಕ್ಷ ರೂ. ರಕ್ಷಣೆ ಕೊಡುತ್ತದೆ. ಗಂಡ ಹೆಂಡತಿ ಇಬ್ಬರೂ 70 ದಾಟಿದ್ದರೆ ಆ ಐದು ಲಕ್ಷ ಇಬ್ಬರಿಗೂ ಸೇರಿ. ಕುಟುಂಬ ಮೊದಲೇ ಆಯುಷ್ಮಾನ್‌ನಲ್ಲಿದ್ದರೆ ಹಿರಿಯರ ಪಾಲಿಗೆ ಇನ್ನೊಂದು ಐದು ಲಕ್ಷ ಬೇರೆಯಾಗಿ ಸಿಗುತ್ತದೆ, ಅದನ್ನು ಮಕ್ಕಳು ಮೊಮ್ಮಕ್ಕಳು ಬಳಸುವಂತಿಲ್ಲ. ವರ್ಷದ ಯಾವ ದಿನವಾದರೂ ಹೆಸರು ಬರೆಸಬಹುದು. ಬೇಕಾದ ದಾಖಲೆ ಆಧಾರ್ ಒಂದೇ. ಹಳೆಯ ಆಯುಷ್ಮಾನ್ ಕಾರ್ಡು ಇದೆಯೆಂದು ಸುಮ್ಮನಿರುವಂತಿಲ್ಲ, ಇದಕ್ಕೆ ಹೊಸದಾಗಿ ಅರ್ಜಿ ಹಾಕಿ ಇ–ಕೆವೈಸಿ ಮಾಡಿಸಬೇಕು.

ಆಧಾರ್ ಒಂದೇ ಸಾಕು ಎಂಬುದು ಕೇಳಲು ಸರಳ. ಈ ಸೀಮೆಯಲ್ಲಿ ಅದೇ ತೊಡಕು. ಎಪ್ಪತ್ತು ದಾಟಿದ ಎಷ್ಟೋ ಜನರಿಗೆ ಹುಟ್ಟಿದ ದಿನದ ದಾಖಲೆಯಿಲ್ಲ. ಆಧಾರ್ ಮಾಡಿಸಿದ ದಿನ ಮುಖ ನೋಡಿ ಅಂದಾಜಿನಲ್ಲಿ ಬರೆದ ವಯಸ್ಸೇ ಇಂದಿಗೂ ಕಾಯಂ. ನಿಜವಾಗಿ 74 ಆಗಿದ್ದರೂ ಆಧಾರ್‌ನಲ್ಲಿ 66 ಎಂದಿದ್ದರೆ ಇನ್ನೂ ನಾಲ್ಕು ವರ್ಷ ಕಾಯಬೇಕು. ಹುಟ್ಟಿದ ದಿನ ತಿದ್ದಲು ಸಾಮಾನ್ಯವಾಗಿ ಅವಕಾಶ ಒಂದೇ ಸಲ, ಅದಕ್ಕೂ ದಾಖಲೆ ಬೇಕು. ಜೀವನವಿಡೀ ಹೊಗೆಸೊಪ್ಪು ಪೋಣಿಸಿ, ಅದರ ಅಂಟಿನಲ್ಲಿ ಬೆರಳ ಗೆರೆ ಸವೆದ ಅಜ್ಜಿಯ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಮುಖ ಅಥವಾ ಕಣ್ಣಿನ ಪಾಪೆ ತೋರಿಸಿಯೂ, ಮೊಬೈಲಿಗೆ ಬರುವ ಓಟಿಪಿಯಿಂದಲೂ ಆಗುತ್ತದೆ ಎಂದು ಗೊತ್ತಿರುವವರು ಜೊತೆಗಿದ್ದರೆ ಕೆಲಸ ಆಗುತ್ತದೆ.

ಕಾರ್ಡು ಆದರೂ ಅದು ನಡೆಯಬೇಕಲ್ಲ. ಖರ್ಚಿನಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40 ಎಂಬ ಲೆಕ್ಕದ ಬಗ್ಗೆ ಕರ್ನಾಟಕ ಮೊದಲಿನಿಂದಲೂ ತಕರಾರು ಎತ್ತಿತ್ತು. ಕೇಂದ್ರ ನಿಗದಿ ಮಾಡುವ ಮೊತ್ತ ನಿಜವಾದ ವೆಚ್ಚಕ್ಕೆ ಸಾಲದು ಎಂಬುದು ರಾಜ್ಯದ ವಾದ, ಅದರಲ್ಲಿ ಹುರುಳಿದೆ. ಆದರೆ ಎರಡು ಸರ್ಕಾರಗಳ ಲೆಕ್ಕ ತೀರುವವರೆಗೆ ಕಾಯಿಲೆ ಕಾಯುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 72 ವರ್ಷದ ಕ್ಯಾನ್ಸರ್ ರೋಗಿಯೊಬ್ಬರಿಗೆ, ಕಾರ್ಡು ಇದ್ದರೂ ರಾಜ್ಯದ ಆದೇಶ ಬಂದಿಲ್ಲವೆಂದು ಐದು ಲಕ್ಷದ ಸೌಲಭ್ಯ ಸಿಗಲಿಲ್ಲ ಎಂದು ಕುಟುಂಬ ಹೇಳಿತು. ಅವರು ಜೀವ ಕಳೆದುಕೊಂಡರು. ಪತ್ರಿಕಾ ವರದಿ ಆಧರಿಸಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ರಾಜ್ಯಕ್ಕೆ ನೋಟಿಸ್ ಕೊಟ್ಟಿತು. ಆದ್ದರಿಂದ ಕಾರ್ಡು ಕೈಗೆ ಬಂದ ದಿನವೇ, ಇನ್ನೂ ಆರೋಗ್ಯವಾಗಿರುವಾಗಲೇ, ಮೈಸೂರಿನ ಯಾವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆ ಎಂದು ಯೋಜನೆಯ ನೆರವಿಗಾಗಿ ಅಲ್ಲಿರುವ ಆರೋಗ್ಯ ಮಿತ್ರರನ್ನು ಕೇಳಿ ತಿಳಿದುಕೊಳ್ಳಬೇಕು.

ಆಯ್ಕೆ ಎಂಬ ಮಾತು ನಿಜವಾಗಿ ಅನ್ವಯಿಸುವುದು ಸೇನೆ ಮತ್ತು ಕೇಂದ್ರ ಸರ್ಕಾರದಿಂದ ನಿವೃತ್ತರಾದವರಿಗೆ. ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ 2003ರ ಏಪ್ರಿಲ್‌ನಿಂದ ಇದೆ. ಕೇಂದ್ರ ಪಿಂಚಣಿದಾರರಿಗೆ ಸಿಜಿಎಚ್‌ಎಸ್ ಇದೆ. ಇವರು 70 ತುಂಬಿದಾಗ ಹಳೆಯದರಲ್ಲೇ ಇರುತ್ತೇವೆಯೋ ವಯ ವಂದನಾಕ್ಕೆ ಬರುತ್ತೇವೆಯೋ ಎಂದು ಒಂದೇ ಸಲ ತೀರ್ಮಾನಿಸಬೇಕು. ಇಲ್ಲಿ ಆತುರ ಪಡಬಾರದು. ವಯ ವಂದನಾ ಆಸ್ಪತ್ರೆಗೆ ದಾಖಲಾದಾಗ ಮಾತ್ರ ನೆರವಾಗುತ್ತದೆ. ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯೂ ಸಿಗುತ್ತದೆ. ತಿಂಗಳು ತಿಂಗಳು ಮಾತ್ರೆ ನುಂಗುವ ವಯಸ್ಸಿನಲ್ಲಿ ಅದನ್ನು ಬಿಟ್ಟು ಬರುವುದು ನಷ್ಟ. ಇಎಸ್‌ಐ ಅಥವಾ ಖಾಸಗಿ ವಿಮೆ ಇರುವವರಿಗೆ ಈ ಇಕ್ಕಟ್ಟಿಲ್ಲ, ಅವರು ಎರಡನ್ನೂ ಇಟ್ಟುಕೊಳ್ಳಬಹುದು.

ರಾಜ್ಯ ಸರ್ಕಾರದ ನಿವೃತ್ತರ ಸ್ಥಿತಿ ಬೇರೆ. ನೌಕರಿಯಲ್ಲಿದ್ದವರಿಗೆ ಜ್ಯೋತಿ ಸಂಜೀವಿನಿ ಆರೋಗ್ಯ ಯೋಜನೆ ಇತ್ತು, ನಿವೃತ್ತರಾದ ದಿನ ಅದು ನಿಂತುಹೋಗುತ್ತಿತ್ತು. ಅರವತ್ತಕ್ಕೆ ನಿವೃತ್ತರಾದ ಪ್ರಾಥಮಿಕ ಶಾಲೆಯ ಮೇಷ್ಟರಿಗೆ ಪಿಂಚಣಿಯಿಂದಾಗಿ ಬಿಪಿಎಲ್ ಇಲ್ಲ. ಎಪ್ಪತ್ತರವರೆಗೆ ಶೇ 30ರ ನೆರವೇ ಗತಿ.

ಬೈಲಕುಪ್ಪೆ ಮತ್ತು ಹುಣಸೂರಿನ ಗುರುಪುರದ ಟಿಬೆಟಿಯನ್ನರು ಈ ಯಾವ ಯೋಜನೆಗೂ ಕಾಯದೆ ತಮ್ಮದೇ ವ್ಯವಸ್ಥೆ ಮಾಡಿಕೊಂಡಿದ್ದಾರೆ. 1960ರ ದಶಕದಿಂದ ಈ ನೆಲದಲ್ಲಿರುವ ಅವರಿಗೆ ಕೇಂದ್ರ ಟಿಬೆಟಿಯನ್ ಆಡಳಿತ 2012ರಲ್ಲಿ ವಂತಿಗೆ ಆಧಾರಿತ ಆರೋಗ್ಯ ಯೋಜನೆಯೊಂದನ್ನು ಆರಂಭಿಸಿತು. ಅದರ ನೋಂದಣಿ ವರ್ಷಕ್ಕೊಮ್ಮೆ.

ಈ ಭಾಗದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮಕ್ಕಳು ತಂದೆ ತಾಯಿಯನ್ನು ಅಲ್ಲಿಗೇ ಕರೆಸಿಕೊಂಡಾಗ ಮತ್ತೊಂದು ಪಂಚಾಂಗ ಎದುರಾಗುತ್ತದೆ. ಅಲ್ಲಿನ ಮೆಡಿಕೇರ್‌ಗೆ 65 ತುಂಬುವ ತಿಂಗಳ ಹಿಂದಿನ ಮೂರು, ಮುಂದಿನ ಮೂರು ಸೇರಿ ಏಳು ತಿಂಗಳಲ್ಲಿ ಸೇರಬೇಕು. ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಪ್ಲಾನ್ ಬದಲಾಯಿಸಬಹುದು. ಹೊರರೋಗಿ ಚಿಕಿತ್ಸೆಯ ಭಾಗಕ್ಕೆ ತಡವಾಗಿ ಸೇರಿದರೆ ಒಂದೊಂದು ವರ್ಷಕ್ಕೂ ವಂತಿಗೆ ಶೇ 10ರಷ್ಟು ಏರುತ್ತದೆ, ಅದೂ ಸಾಮಾನ್ಯವಾಗಿ ಜೀವನಪರ್ಯಂತ. ಗ್ರೀನ್ ಕಾರ್ಡಿನಲ್ಲಿ ಹೋದ ಹಿರಿಯರು ಐದು ವರ್ಷ ಸತತವಾಗಿ ಅಲ್ಲೇ ವಾಸವಿದ್ದ ಮೇಲಷ್ಟೇ ಹಣ ಕಟ್ಟಿ ಸೇರಬಹುದು. ಅಲ್ಲಿ ನಿಯಮ ಕಠಿಣ, ಆದರೆ ಯಾವ ದಿನ ಏನು ಎಂಬುದು ವರ್ಷ ವರ್ಷಕ್ಕೂ ಬದಲಾಗುವುದಿಲ್ಲ. ಯಶಸ್ವಿನಿಗೂ ಅಂಥ ಖಚಿತ ದಿನಾಂಕ ಬಂದರೆ ಸೊಸೈಟಿ ಕಾರ್ಯದರ್ಶಿಗಳಿಗೂ ಸದಸ್ಯರಿಗೂ ನೆಮ್ಮದಿ.

ಖಾಸಗಿ ವಿಮೆಯ ಕಡೆಗೂ ಒಂದು ಬದಲಾವಣೆಯಾಗಿದೆ. 65ರ ನಂತರ ಹೊಸ ಪಾಲಿಸಿ ಕೊಡದಿರುವ ಪದ್ಧತಿಗೆ ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ತೆರೆ ಎಳೆಯಿತು; 2025ರ ಜನವರಿಯಲ್ಲಿ ಹಿರಿಯರ ವಂತಿಗೆಯನ್ನು ಅನುಮತಿಯಿಲ್ಲದೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದೆಂದಿತು. ಹಾಗಿದ್ದೂ ಮಳೆ ನಂಬಿದ ಮನೆಗೆ ಆ ವಂತಿಗೆ ಭಾರವೇ.

ಅತಿ ಹೆಚ್ಚು ಬಯಲಿಗೆ ಬಿದ್ದಿರುವವರು 60ರಿಂದ 69ರ ನಡುವಿನವರು. ಬಿಪಿಎಲ್ ತಪ್ಪಿದ, ಸಂಘದ ಸದಸ್ಯತ್ವವಿಲ್ಲದ, ಎಪ್ಪತ್ತು ತುಂಬದ ಹಿರಿಯರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕಾದರೆ ಬಹುಪಾಲು ಖರ್ಚು ಅವರದೇ. ವಯ ವಂದನಾದ ವಯಸ್ಸನ್ನು 60ಕ್ಕೆ ಇಳಿಸಬೇಕೆಂದು ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ 2025ರಲ್ಲಿ ಶಿಫಾರಸು ಮಾಡಿದೆ. ರಾಜ್ಯದ ಮಟ್ಟಿಗೆ ಇದಕ್ಕಿಂತ ಸುಲಭವಾಗಿ ಆಗುವ ಕೆಲಸವೂ ಒಂದಿದೆ. ಸಂಧ್ಯಾ ಸುರಕ್ಷಾ ಪಿಂಚಣಿ ಕೊಡುವ ಕಂದಾಯ ಇಲಾಖೆಯ ಬಳಿ 65 ದಾಟಿದವರ ಹೆಸರು, ವಯಸ್ಸು, ಆಧಾರ್, ಬ್ಯಾಂಕ್ ಖಾತೆ ಎಲ್ಲವೂ ಇವೆ. ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಸಕ್ಕರೆ ನೋಡಲು ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೇ ಬರುತ್ತಾರೆ. ಆ ಪಟ್ಟಿಯನ್ನು ಇವರ ಕೈಗೆ ಕೊಟ್ಟರೆ ಅದೇ ಭೇಟಿಯಲ್ಲಿ, ಅದೇ ಮೊಬೈಲಿನಲ್ಲಿ, ಮುಖ ತೋರಿಸಿ ಆಯುಷ್ಮಾನ್ ಕಾರ್ಡು ಮಾಡಿಸಬಹುದು. ಹುಣಸೂರಿನ ನಾಗಾಪುರದ ಪುನರ್ವಸತಿ ಹಾಡಿಯಿಂದ ಇದನ್ನು ಶುರು ಮಾಡಬಹುದು. ಅಲ್ಲಿನ ಹಿರಿಯರು ಈ ಕಾರ್ಡಿಗಾಗಿ ಒಂದು ದಿನದ ಕೂಲಿ ಕಳೆದುಕೊಂಡು ಹುಣಸೂರಿಗೆ ಬಸ್ಸು ಹತ್ತಬೇಕಾಗಿ ಬರುವುದಿಲ್ಲ.